ಕಣ್ಣಳತೆ ಪಳಗಿಸುವ ತರಗತಿ

ಎದುರಿಗಿರುವ ವಸ್ತುವನ್ನೋ ಮನುಷ್ಯನನ್ನೋ ಜಾಗವನ್ನೋ ನೋಡಿ ಗೆರೆಗಳಲ್ಲಿ ಕಾಗದಕ್ಕೆ ಇಳಿಸುವುದನ್ನು ಕ್ರಮವಾಗಿ ಕಲಿಸುವುದು ಕಾಲೇಜಿನ ಡ್ರಾಯಿಂಗ್ ತರಗತಿಯ ಕೆಲಸ. ಅಲ್ಲಿ ಕೂತವರೆಲ್ಲ ಚಿತ್ರಕಾರರಾಗುವುದಿಲ್ಲ. ಕೆಲವರು ಕಟ್ಟಡದ ನಕ್ಷೆ ಬರೆಯುತ್ತಾರೆ, ಕೆಲವರು ಬಟ್ಟೆ ವಿನ್ಯಾಸ ಮಾಡುತ್ತಾರೆ, ಕೆಲವರು ಪಾಠ ಹೇಳುತ್ತಾರೆ, ಹಲವರು ಚಿತ್ರಕ್ಕೆ ಸಂಬಂಧವೇ ಇಲ್ಲದ ಕೆಲಸಕ್ಕೆ ಸೇರುತ್ತಾರೆ. ಆದರೂ ಒಂದೆರಡು ಸೆಮಿಸ್ಟರ್ ಶ್ರದ್ಧೆಯಿಂದ ಪೆನ್ಸಿಲ್ ಹಿಡಿದವರಲ್ಲಿ ಒಂದು ಬದಲಾವಣೆ ಉಳಿಯುತ್ತದೆ: ಅವರ ಕಣ್ಣಳತೆ ಪಳಗಿರುತ್ತದೆ. ಕಣ್ಣಳತೆ ದರ್ಜಿಯ, ಗಾರೆ ಕೆಲಸದವರ, ಅಡುಗೆಯವರ ಮಾತು. ಪಟ್ಟಿ, ತಕ್ಕಡಿಗಳ ನೆರವಿಲ್ಲದೆ ಉದ್ದ, ಅಗಲ, ಪ್ರಮಾಣವನ್ನು ನೋಡಿಯೇ ಹೇಳುವ ಶಕ್ತಿ ಅದು. ಡ್ರಾಯಿಂಗ್ ತರಗತಿ ಮೊದಲು ತಿದ್ದುವುದು ಇದನ್ನೇ. ಇದು ಸರಿಹೋಗುತ್ತಾ ಬಂದಂತೆ ಕಲಿಯುವವರು ತಮ್ಮ ಕೆಲಸವನ್ನೂ ತಮ್ಮನ್ನೂ ಅಂದಾಜು ಮಾಡುವ ರೀತಿ ಕೂಡ ಸರಿಹೋಗುತ್ತದೆ.

ಹೊಸ್ತಿಲಿನಿಂದ ಕಾಲೇಜಿಗೆ

ದಕ್ಷಿಣ ಬೆಂಗಳೂರಿನಲ್ಲಿ ಗೆರೆಯ ಮೊದಲ ಪಾಠ ಮನೆಯ ಹೊಸ್ತಿಲ ಮುಂದೆಯೇ ಸಿಗುತ್ತದೆ. ಜಯನಗರ, ಬನಶಂಕರಿಯ ಅಡ್ಡರಸ್ತೆಗಳಲ್ಲಿ ಬೆಳಿಗ್ಗೆ ನೀರು ಚಿಮುಕಿಸಿದ ನೆಲದ ಮೇಲೆ ಚುಕ್ಕಿ ಇಟ್ಟು ರಂಗೋಲಿ ಹಾಕುವವರು ಸ್ಕೇಲು ಹಿಡಿಯುವುದಿಲ್ಲ. ಚುಕ್ಕಿಗಳ ನಡುವಿನ ಅಂತರ, ಎಳೆಯ ದಪ್ಪ, ಎಡಬಲದ ಸಮತೂಕ ಎಲ್ಲವೂ ಕಣ್ಣಳತೆಯಲ್ಲೇ ಆಗುತ್ತವೆ. ಹೈಸ್ಕೂಲಿನಲ್ಲಿ ಒಳ್ಳೆಯ ಚಿತ್ರಕಲಾ ಶಿಕ್ಷಕರು ಸಿಕ್ಕ ಮಕ್ಕಳು ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ. ಲೋವರ್ ಮುಗಿಸಿ ಹೈಯರ್ ಕಟ್ಟುವುದು ಕರ್ನಾಟಕದಲ್ಲಿ ಹಳೆಯ ರೂಢಿ. ಪಿಯುಸಿ ಹೊತ್ತಿಗೆ ಹೆಚ್ಚಿನವರ ಪೆನ್ಸಿಲು ಜೀವಶಾಸ್ತ್ರದ ರೆಕಾರ್ಡ್ ಬುಕ್ಕಿನೊಳಗೆ ಸೇರಿಕೊಂಡುಬಿಡುತ್ತದೆ.

ಕಾಲೇಜಿನಲ್ಲಿ ಅದು ಮತ್ತೆ ಕೈಗೆ ಬರುವ ದಾರಿಗಳು ಹಲವು. ಬುಲ್ ಟೆಂಪಲ್ ರಸ್ತೆಯ ಬಿಎಂಎಸ್, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ಸಂಸ್ಥೆಗಳಲ್ಲಿ ವಾಸ್ತುಶಿಲ್ಪ ಓದುವವರಿಗೆ ಮೊದಲ ವರ್ಷದಿಂದಲೇ ಡ್ರಾಯಿಂಗ್ ಇರುತ್ತದೆ. ವಾಸ್ತುಶಿಲ್ಪ ಕೋರ್ಸಿನ ಪ್ರವೇಶಕ್ಕೆಂದು 2006ರಿಂದ ನಡೆಯುತ್ತಿರುವ ನಾಟಾ ಪರೀಕ್ಷೆ ಕೂಡ ಚಿತ್ರ ಬರೆಯುವ ಸಾಮರ್ಥ್ಯವನ್ನು ನೋಡುತ್ತದೆ. ಎಚ್‌ಎಸ್‌ಆರ್ ಬಡಾವಣೆಯ ನಿಫ್ಟ್‌ನಂಥ ವಿನ್ಯಾಸ ಸಂಸ್ಥೆಗಳಲ್ಲೂ ಕಲಿಕೆ ಶುರುವಾಗುವುದು ಗೆರೆಯಿಂದಲೇ. ಚಿತ್ರಕಲೆಯನ್ನೇ ಓದಬೇಕೆನ್ನುವವರು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗುತ್ತಾರೆ. ಇದಲ್ಲದೆ ಬೇರೆ ವಿಷಯ ಓದುತ್ತ, ಕೆಲಸ ಮಾಡುತ್ತ ಸಂಜೆಗೋ ವಾರದ ಕೊನೆಗೋ ತರಗತಿಗೆ ಬರುವವರಿದ್ದಾರೆ. ಅವರ ನಡುವೆ ಹದಿನೆಂಟರ ಹುಡುಗಿಯ ಪಕ್ಕದಲ್ಲಿ ನಿವೃತ್ತ ಬ್ಯಾಂಕ್ ನೌಕರರು ಕೂತಿರುವುದು ಅಪರೂಪವಲ್ಲ.

ಕಲಿಸುವ ಪರಂಪರೆ

ಚಿತ್ರ ಬರೆಯುವುದನ್ನು ಶಾಸ್ತ್ರವಾಗಿ ಕಲಿಸುವ ಯೋಚನೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೇ ಮೀಸಲಾದ ಭಾಗವಿದೆ. ಗೋಡೆ ಸಿದ್ಧಪಡಿಸುವುದು, ಕುಂಚ ಕಟ್ಟುವುದು, ದೇಹದ ಪ್ರಮಾಣ ಹಿಡಿಯುವುದು ಎಲ್ಲವನ್ನೂ ಅದು ವಿವರಿಸುತ್ತದೆ. ಕನ್ನಡಿಯಲ್ಲಿ ಕಂಡಂತೆ ಇರುವ ಚಿತ್ರವನ್ನು ‘ವಿದ್ಧ’ವೆಂದೂ ಮನಸ್ಸಿಗೆ ಹೊಳೆದಂತೆ ಬರೆದದ್ದನ್ನು ‘ಅವಿದ್ಧ’ವೆಂದೂ ಅದು ಬೇರ್ಪಡಿಸುತ್ತದೆ. ಇಂದಿನ ಕಾಲೇಜಿನ ಡ್ರಾಯಿಂಗ್ ತರಗತಿ ಹೆಚ್ಚಾಗಿ ಮೊದಲನೆಯದರ ಅಭ್ಯಾಸ.

ಆಧುನಿಕ ಕಲಾಶಿಕ್ಷಣಕ್ಕೆ ನೆಲೆ ಸಿಕ್ಕಿದ್ದು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ. ಅದಕ್ಕೆ 1906ರಲ್ಲಿ ಶಂಕುಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಅ.ನ. ಸುಬ್ಬರಾವ್ 1919ರಲ್ಲಿ ‘ಕಲಾಮಂದಿರ’ವನ್ನು ತೆರೆದರು. 1960ರಲ್ಲಿ ಚಿತ್ರಕಲಾ ಪರಿಷತ್ತು ರೂಪುಗೊಂಡಿತು. ಅದನ್ನು ಬೆಳೆಸಿದವರಲ್ಲಿ ಎಂ.ಎಸ್. ನಂಜುಂಡರಾವ್ ಮುಖ್ಯರು. ಅದೇ ದಶಕದ ಕೊನೆಯ ಭಾಗದಲ್ಲಿ ಬಾದಾಮಿಯ ಆರ್.ಎಂ. ಹಡಪದ್ ಕೆನ್ ಕಲಾಶಾಲೆ ಕಟ್ಟಿದರು. ಜೆ.ಎಂ.ಎಸ್. ಮಣಿ, ಶೀಲಾ ಗೌಡ ಅವರಂಥ ಕಲಾವಿದರು ಕಲಿತದ್ದು ಅಲ್ಲಿ.

ಕಲಿಯುವ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕೆ. ವೆಂಕಟಪ್ಪ ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಮುಂದೆ ಊಟಿಯ ಬೆಟ್ಟ, ಮಂಜು, ಬೆಳದಿಂಗಳನ್ನು ಜಲವರ್ಣದಲ್ಲಿ ಹಿಡಿದರು. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿ ಅಲ್ಲೇ ಪಾಠವನ್ನೂ ಹೇಳಿದರು. ಗೆರೆಯ ಲಯವನ್ನು ಮೈಯಲ್ಲೇ ಅರಿಯಲು ಕಥಕ್ ಅಭ್ಯಾಸ ಮಾಡಿದರು. ಇನ್ನೊಂದು ಕಡೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಅದೇ ಜೆ.ಜೆ. ಶಾಲೆ ಪ್ರವೇಶ ನಿರಾಕರಿಸಿತು. ಅವರು ಮೈಸೂರಿನಲ್ಲೇ ಬಿ.ಎ. ಓದಿದರು, ಕಾಗೆ, ಮರ, ಬೀದಿಯ ಜನರನ್ನು ನೋಡಿ ನೋಡಿ ಬರೆದರು, ‘ಕೊರವಂಜಿ’ ಪತ್ರಿಕೆಗೆ ಚಿತ್ರ ಕೊಟ್ಟರು. ತರಗತಿ ಸಿಕ್ಕವರಿಗೂ ಸಿಗದವರಿಗೂ ಬೇಕಾದದ್ದು ಒಂದೇ: ಪ್ರತಿದಿನ ನೋಡುವುದು, ನೋಡಿದ್ದನ್ನು ಬರೆಯುವುದು. ತರಗತಿ ಅದಕ್ಕೊಂದು ವೇಳೆ, ಒಂದು ಕ್ರಮ ಮತ್ತು ಜೊತೆಗಾರರನ್ನು ಒದಗಿಸುತ್ತದೆ.

ಗೆರೆ: ನಿಧಾನವಾಗುವುದು

ಮೊದಲ ವಾರಗಳಲ್ಲಿ ಕಲಿಸುವುದು ಗೆರೆ ಮಾತ್ರ. ಉದ್ದ ಗೆರೆ, ಅಡ್ಡ ಗೆರೆ, ವೃತ್ತ, ಒತ್ತಿ ಎಳೆದದ್ದು, ತೇಲಿಸಿ ಎಳೆದದ್ದು. ಪೆನ್ಸಿಲ್ಲನ್ನು ಬರೆಯುವ ಹಾಗೆ ತುದಿಯಲ್ಲಿ ಹಿಡಿದರೆ ಬೆರಳು ಮಾತ್ರ ಆಡುತ್ತದೆ. ಸ್ವಲ್ಪ ಹಿಂದೆ ಹಿಡಿದರೆ ಮಣಿಕಟ್ಟು, ಮೊಣಕೈ, ಭುಜ ಎಲ್ಲವೂ ಗೆರೆಗೆ ಬರುತ್ತವೆ. ದೊಡ್ಡ ಶೀಟಿನ ಮೇಲೆ ಉದ್ದನೆಯ ಗೆರೆ ನಡುಗದೆ ಬರಬೇಕಾದರೆ ಭುಜದಿಂದಲೇ ಎಳೆಯಬೇಕು.

ಇದಾದ ಮೇಲೆ ಬರುವುದು ಹೊರರೇಖೆಯ ಅಭ್ಯಾಸ. ಕಾಗದದ ಕಡೆ ನೋಡದೆ, ವಸ್ತುವಿನ ಅಂಚಿನ ಮೇಲೆ ಕಣ್ಣನ್ನು ಇರುವೆ ನಡೆದಷ್ಟು ನಿಧಾನವಾಗಿ ಸರಿಸುತ್ತ ಅದೇ ವೇಗದಲ್ಲಿ ಪೆನ್ಸಿಲು ಸರಿಸುವ ‘ಬ್ಲೈಂಡ್ ಕಾಂಟೂರ್’ ಇದರ ಒಂದು ಬಗೆ. ಅಮೆರಿಕದ ಶಿಕ್ಷಕ ಕಿಮೋನ್ ನಿಕೊಲೈಡಿಸ್ ಅವರ ಪಾಠಗಳು 1941ರಲ್ಲಿ ಪುಸ್ತಕವಾಗಿ ಬಂದ ಮೇಲೆ ಹೊರರೇಖೆಯ ಈ ಅಭ್ಯಾಸ ಜಗತ್ತಿನ ಕಲಾಶಾಲೆಗಳಿಗೆ ಹರಡಿತು. ಬರೆದು ಮುಗಿಸಿ ನೋಡಿದರೆ ಕೈಬೆರಳುಗಳು ಎಲ್ಲೆಲ್ಲಿಗೋ ಹೋಗಿರುತ್ತವೆ. ಆದರೆ ಗಿಣ್ಣಿನ ಸುಕ್ಕು, ಉಗುರಿನ ಬುಡದ ತಿರುವು ಮುಂತಾದ, ದಿನವೂ ಕಣ್ಣಿಗೆ ಬಿದ್ದು ಗಮನಕ್ಕೆ ಬಾರದ ವಿವರಗಳು ಕಾಗದದಲ್ಲಿರುತ್ತವೆ. ಚಿತ್ರ ಚೆನ್ನಾಗಿ ಬರಲಿಲ್ಲವೆಂಬ ಅಂಜಿಕೆ ಇಲ್ಲಿ ತಾನೇ ಕರಗುತ್ತದೆ, ಏಕೆಂದರೆ ಯಾರದೂ ಚೆನ್ನಾಗಿ ಬರುವುದಿಲ್ಲ. ಅವಸರದ ಊರಿನಲ್ಲಿ ಇಪ್ಪತ್ತು ನಿಮಿಷ ಒಂದೇ ವಸ್ತುವಿನ ಮುಂದೆ ಕೂರುವುದು ಈ ಹಂತದ ಗಳಿಕೆ.

ಲೋಟ ಮತ್ತು ಕೂಜ: ಗೊತ್ತಿರುವುದಕ್ಕೂ ಕಾಣುವುದಕ್ಕೂ ಅಂತರ

ವಸ್ತುಚಿತ್ರ ಅಥವಾ ಸ್ಟಿಲ್ ಲೈಫ್ ಎರಡನೆಯ ಹಂತ. ಮೇಜಿನ ಮೇಲೆ ಮಡಿಕೆ, ಕೂಜ, ಸ್ಟೀಲ್ ಲೋಟ, ಬಟ್ಟೆ, ಒಂದೆರಡು ಹಣ್ಣು ಜೋಡಿಸಲಾಗುತ್ತದೆ. ಹೊಸಬರು ಲೋಟ ಬರೆಯುವಾಗ ಬಾಯಿಯನ್ನು ದುಂಡಗೆ ಮಾಡಿ ತಳವನ್ನು ನೇರ ಗೆರೆಯಲ್ಲಿ ಮುಗಿಸುತ್ತಾರೆ. ಲೋಟದ ಬಾಯಿ ದುಂಡಗಿದೆ, ತಳ ಸಪಾಟಾಗಿ ಮೇಜಿನ ಮೇಲೆ ಕೂತಿದೆ ಎಂಬುದು ಅವರಿಗೆ ಗೊತ್ತಿದೆ. ಗೊತ್ತಿರುವುದನ್ನೇ ಅವರು ಬರೆಯುತ್ತಾರೆ. ಕಣ್ಣಿಗೆ ಕಾಣುವುದು ಬೇರೆ: ಮೇಲಿನಿಂದ ನೋಡುವಾಗ ಬಾಯಿ ಚಪ್ಪಟೆಯಾದ ಅಂಡಾಕಾರ, ತಳದ ಅಂಚು ಅದಕ್ಕಿಂತ ತುಸು ಹೆಚ್ಚು ಬಾಗಿದ ಗೆರೆ. ಮುಖ ಬರೆಯುವಾಗಲೂ ಹೀಗೆಯೇ. ನೆತ್ತಿಯಿಂದ ಗಲ್ಲದವರೆಗಿನ ಎತ್ತರದಲ್ಲಿ ಕಣ್ಣುಗಳು ಸುಮಾರು ನಡುವೆ ಇರುತ್ತವೆ. ಕಣ್ಣು, ಬಾಯಿಗಳಿಗೆ ಮನಸ್ಸು ಹೆಚ್ಚು ಮಹತ್ವ ಕೊಡುವುದರಿಂದ ಹೊಸಬರು ಹಣೆಯನ್ನು ಕುಗ್ಗಿಸಿ ಕಣ್ಣುಗಳನ್ನು ಮೇಲೇರಿಸುತ್ತಾರೆ.

ಇದನ್ನು ತಿದ್ದಲು ಶಿಕ್ಷಕರು ಕೊಡುವ ಸಾಧನಗಳು ಸರಳ. ಕೈ ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸಿ ಕೂಜದ ಅಗಲ ಎತ್ತರದಲ್ಲಿ ಎಷ್ಟು ಸಲ ಕೂರುತ್ತದೆ ಎಂದು ಅಳೆಯುವುದು. ಎರಡು ವಸ್ತುಗಳ ನಡುವಿನ ಖಾಲಿ ಜಾಗಕ್ಕೂ ಒಂದು ಆಕಾರವಿದೆಯೆಂದು ತಿಳಿದು ಅದನ್ನೇ ಬರೆಯುವುದು. ಚಿತ್ರವನ್ನು ತಲೆಕೆಳಗಾಗಿ ಇಟ್ಟು ನಕಲು ಮಾಡುವುದು. ಕಣ್ಣು ಅರ್ಧ ಮುಚ್ಚಿ ನೆರಳು ಬೆಳಕಿನ ದೊಡ್ಡ ಭಾಗಗಳನ್ನು ಮಾತ್ರ ಹಿಡಿಯುವುದು. ಮನಸ್ಸು ವಸ್ತುವಿಗೆ ಹೆಸರಿಟ್ಟು ಮುಂದೆ ಹೋಗದಂತೆ ತಡೆಯುವುದೇ ಇವೆಲ್ಲದರ ಉದ್ದೇಶ.

ತರಗತಿಯಲ್ಲಿ ಡಾಂಕಿ ಎಂದು ಕರೆಯುವ ಬೆಂಚುಗಳನ್ನು ಮೇಜಿನ ಸುತ್ತ ಹಾಕಿರುತ್ತಾರೆ. ಇಪ್ಪತ್ತು ಜನ ಒಂದೇ ಕೂಜವನ್ನು ಬರೆದರೆ ಇಪ್ಪತ್ತು ಬೇರೆ ಚಿತ್ರ ಬರುತ್ತವೆ. ಒಬ್ಬರಿಗೆ ಹಿಡಿಕೆ ಕಾಣುತ್ತದೆ, ಎದುರಿನವರಿಗೆ ಕಾಣುವುದೇ ಇಲ್ಲ. ಎರಡೂ ಸರಿ. ಪಕ್ಕದವರ ಚಿತ್ರವನ್ನು ಸರಿಯೋ ತಪ್ಪೋ ಎನ್ನುವ ಮೊದಲು ಎದ್ದು ಅವರ ಜಾಗದಲ್ಲಿ ಕೂತು ನೋಡಬೇಕು ಎಂಬ ಅಭ್ಯಾಸ ಇಲ್ಲಿಂದ ಬರುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ ಬೇಕಾಗುವ ಸಹನೆಗೆ ಇಷ್ಟು ನೇರವಾದ ಪಾಠ ಕಾಲೇಜಿನ ಬೇರೆ ಕೋಣೆಗಳಲ್ಲಿ ಸಿಗುವುದು ಕಷ್ಟ.

ಪರ್ಸ್‌ಪೆಕ್ಟಿವ್ ಮತ್ತು ನೆರಳು

ದೂರ ಹೋದಂತೆ ವಸ್ತುಗಳು ಚಿಕ್ಕದಾಗಿ ಕಾಣುವುದನ್ನು, ಸಮಾಂತರ ಗೆರೆಗಳು ಒಂದು ಬಿಂದುವಿನಲ್ಲಿ ಕೂಡುವಂತೆ ತೋರುವುದನ್ನು ಲೆಕ್ಕಕ್ಕೆ ಇಳಿಸುವುದು ಪರ್ಸ್‌ಪೆಕ್ಟಿವ್. ಇಟಲಿಯ ಆಲ್ಬರ್ಟಿ ಇದರ ನಿಯಮಗಳನ್ನು 1435ರಲ್ಲಿ ಬರೆದಿಟ್ಟ. ದಕ್ಷಿಣ ಬೆಂಗಳೂರಿನಲ್ಲಿ ಈ ಪಾಠಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 1948ರಲ್ಲಿ ಆರಂಭವಾದ ಜಯನಗರ ನೇರ ರಸ್ತೆಗಳ ಯೋಜಿತ ಬಡಾವಣೆ. ಎರಡೂ ಬದಿಯ ಮರಗಳ ಸಾಲು ದೂರದಲ್ಲಿ ಕೂಡಿಕೊಳ್ಳುವುದು ಯಾವ ಮುಖ್ಯರಸ್ತೆಯ ತುದಿಯಲ್ಲಿ ನಿಂತರೂ ಕಾಣುತ್ತದೆ. 2017ರಿಂದ ಮೆಟ್ರೊ ಓಡುತ್ತಿರುವ ಆರ್.ವಿ. ರಸ್ತೆಯಲ್ಲಿ ಕಂಬಗಳ ನಡುವಿನ ಅಂತರ ಕಾಗದದ ಮೇಲೆ ಹೇಗೆ ಕುಗ್ಗುತ್ತ ಹೋಗುತ್ತದೆ ಎಂದು ಎಣಿಸಿ ಬರೆಯಬಹುದು.

ಈ ಪಾಠದ ತಿರುಳು ದಿಗಂತ ರೇಖೆ. ಅದು ನೋಡುವವರ ಕಣ್ಣಿನ ಮಟ್ಟದಲ್ಲಿರುತ್ತದೆ. ಕೂತರೆ ಕೆಳಗಿಳಿಯುತ್ತದೆ, ಮಹಡಿಗೆ ಹೋದರೆ ಮೇಲೇರುತ್ತದೆ. ಚಿತ್ರದ ಪ್ರತಿ ಗೆರೆಯೂ ನೋಡುವವರು ಎಲ್ಲಿದ್ದಾರೆ ಎಂಬುದನ್ನು ಹೇಳುತ್ತದೆ. ತಾವು ನಿಂತ ಜಾಗವನ್ನು ಮೊದಲು ಗುರುತಿಸಿಕೊಂಡು ಆಮೇಲೆ ಲೋಕವನ್ನು ಅಳೆಯಬೇಕೆಂಬ ಎಚ್ಚರ ಇದರಿಂದ ಬೆಳೆಯುತ್ತದೆ.

ನೆರಳು ಬೆಳಕಿನ ಅಭ್ಯಾಸಕ್ಕೆ 2ಬಿಯಿಂದ 6ಬಿವರೆಗಿನ ಪೆನ್ಸಿಲು, ಇದ್ದಿಲು ಬಳಕೆಯಾಗುತ್ತವೆ. ಹೊಸಬರು ಕಪ್ಪು ಹಾಕಲು ಹೆದರುತ್ತಾರೆ. ಇಡೀ ಚಿತ್ರ ತೆಳು ಬೂದುಬಣ್ಣದಲ್ಲೇ ಉಳಿಯುತ್ತದೆ. ಅತಿ ಕಪ್ಪಾದ ಜಾಗವನ್ನು ಧೈರ್ಯವಾಗಿ ಒಮ್ಮೆ ತುಂಬಿದ ಮೇಲೆ ಕಾಗದದ ಬಿಳಿ ಬೆಳಕಾಗಿ ಕಾಣಲು ಶುರುವಾಗುತ್ತದೆ. ಇದ್ದಿಲು ಇದಕ್ಕೆ ಒಳ್ಳೆಯ ಜೊತೆ. ಕೈ ತಾಗಿದರೆ ಹರಡುತ್ತದೆ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಮತ್ತೆ ಬರೆಯಬಹುದು. ತಪ್ಪಿದ್ದನ್ನು ಒರೆಸಿ ಮುಂದುವರಿಯಬಹುದೆಂಬ ಧೈರ್ಯ ಬೆರಳುಗಳಿಗೆ ಬರುತ್ತದೆ.

ಬೀದಿಯೇ ಸ್ಟುಡಿಯೊ

ಆಕೃತಿ ರಚನೆಯಲ್ಲಿ ಒಂದು ನಿಮಿಷ, ಎರಡು ನಿಮಿಷದ ತ್ವರಿತ ಚಿತ್ರಗಳಿರುತ್ತವೆ. ಮೈಯ ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಎತ್ತ ಬಾಗಿದೆ ಎಂಬುದಷ್ಟನ್ನೇ ಹಿಡಿಯಬೇಕು. ಕೋಣೆಯಲ್ಲಿ ಮಾಡೆಲ್ ಎದುರು ಕಲಿತದ್ದನ್ನು ಹೊರಗೆ ಹೋಗಿ ಪರೀಕ್ಷಿಸುವುದೇ ‘ಔಟ್‌ಡೋರ್’.

ಜಯನಗರ 4ನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಕಾಯುವವರು ನಿಲ್ಲುವ ಭಂಗಿಗಳು ನೂರು. ಮಂಗಳವಾರ, ಶುಕ್ರವಾರ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವ ಹೆಂಗಸರು ಬಾಗಿ ಏಳುವ ಲಯವನ್ನು ನಾಲ್ಕು ಗೆರೆಗಳಲ್ಲಿ ಹಿಡಿಯಬಹುದು. ಬಿಟಿಎಂ ಬಡಾವಣೆಯ ಮಡಿವಾಳ ಕೆರೆಯ ಹಕ್ಕಿಗಳು ಚಿತ್ರ ಮುಗಿಯುವವರೆಗೆ ಕಾಯುವುದಿಲ್ಲ. ನೋಡಿ, ನೆನಪಿಟ್ಟುಕೊಂಡು ಬರೆಯುವುದನ್ನು ಅವು ಕಲಿಸುತ್ತವೆ. ಜೆ.ಪಿ. ನಗರದ ರಂಗಶಂಕರದ ಅಂಗಳದಲ್ಲಿ ನಾಟಕಕ್ಕೆ ಬಂದವರ ಮುಖಗಳಿವೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಾಶಿ, ತಕ್ಕಡಿ, ಜನಸಂದಣಿ ಒಟ್ಟಿಗೆ ಸಿಗುತ್ತವೆ.

ಲಾಲ್‌ಬಾಗ್ ಈ ಭಾಗದ ದೊಡ್ಡ ಪಾಠಶಾಲೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಇಳಿಜಾರು, 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನ ಮನೆಯ ಕಬ್ಬಿಣದ ಕಮಾನುಗಳು, ಮುದಿ ಮರಗಳ ಬೇರು ಎಲ್ಲವೂ ಅಲ್ಲಿವೆ. ಸಸ್ಯವನ್ನು ಬರೆದು ಅರಿಯುವ ರೂಢಿಗೂ ಈ ನಾಡಿನಲ್ಲಿ ಆಳವಾದ ಬೇರಿದೆ. ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ 1840ರ ದಶಕದಲ್ಲಿ ಸ್ಥಳೀಯ ಚಿತ್ರಕಾರನೊಬ್ಬನಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ವಿಜ್ಞಾನದ ವಿದ್ಯಾರ್ಥಿ ರೆಕಾರ್ಡ್ ಬುಕ್ಕಿನಲ್ಲಿ ಎಲೆಯ ನರಗಳನ್ನು ಪುಸ್ತಕದಿಂದ ನಕಲು ಮಾಡುವ ಬದಲು ಎಲೆಯನ್ನೇ ಮುಂದಿಟ್ಟುಕೊಂಡು ಬರೆದರೆ ಅದೇ ರೂಢಿಯನ್ನು ಮುಂದುವರಿಸಿದಂತೆ.

ಹೀಗೆ ಬರೆಯುತ್ತ ಹೋದವರಿಗೆ ಊರು ಬೇರೆಯಾಗಿ ಕಾಣತೊಡಗುತ್ತದೆ. ದಿನವೂ ಹಾದುಹೋಗುವ ಬೀದಿಯ ಹಳೆಯ ಮನೆಯ ಕಿಟಕಿ, ಹೊಂಗೆಮರದ ಕವಲು, ಹೂವಾಡಗಿತ್ತಿಯ ಬುಟ್ಟಿ ಇಟ್ಟ ಜಾಗ ನೆನಪಿನಲ್ಲಿ ನಿಲ್ಲುತ್ತವೆ. ಬೇರೆ ಊರಿನಿಂದ ಓದಲು ಬಂದು ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಬಡಾವಣೆ ತನ್ನದಾಗುವುದು ಹೀಗೆ ಬರೆಯುತ್ತ ಬರೆಯುತ್ತಲೇ.

ಗೋಡೆಗೆ ಅಂಟಿಸಿದ ಮೇಲೆ

ತರಗತಿಯ ಕೊನೆಗೆ ಎಲ್ಲರ ಚಿತ್ರಗಳನ್ನು ಗೋಡೆಗೆ ಅಂಟಿಸಿ ಮಾತಾಡುವ ಪದ್ಧತಿ ಇದೆ. ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇದರ ದೊಡ್ಡ ರೂಪವನ್ನು ‘ಜ್ಯೂರಿ’ ಎನ್ನುತ್ತಾರೆ. ಹತ್ತು ಜನರ ಮುಂದೆ ತಮ್ಮ ಕೆಲಸ ನಿಲ್ಲಿಸುವುದು ಮೊದಲ ಸಲ ಯಾರಿಗೂ ಸುಲಭವಲ್ಲ. ಒಳ್ಳೆಯ ಶಿಕ್ಷಕರು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಮಾತನ್ನು ಬದಿಗಿಟ್ಟು ನಿರ್ದಿಷ್ಟವಾಗಿ ಹೇಳುತ್ತಾರೆ: ಮಡಿಕೆಯ ಎಡಭುಜ ಇಳಿದಿದೆ, ಬಟ್ಟೆಯ ನೆರಳು ಮಡಿಕೆಯ ನೆರಳಿಗಿಂತ ಗಾಢವಾಗಿದೆ, ಇಲ್ಲಿ ಗೆರೆ ಜೀವ ಹಿಡಿದಿದೆ. ಟೀಕೆ ಚಿತ್ರಕ್ಕೆ ಹೇಳಿದ್ದು, ಬರೆದವರಿಗಲ್ಲ ಎಂದು ಬೇರ್ಪಡಿಸಿ ಕೇಳಿಸಿಕೊಳ್ಳಲು ವಿದ್ಯಾರ್ಥಿ ಕಲಿಯುತ್ತಾನೆ. ಬೇರೆಯವರ ಕೆಲಸದ ಬಗ್ಗೆ ನೋಯಿಸದೆ, ಮುಚ್ಚಿಡದೆ ಮಾತಾಡಲೂ ಕಲಿಯುತ್ತಾನೆ.

ಕಲಿಕೆಯ ನಡುವೆ ಒಂದು ಕಠಿಣ ಘಟ್ಟ ಬರುತ್ತದೆ. ಕಣ್ಣು ಕೈಗಿಂತ ಬೇಗ ಪಳಗುತ್ತದೆ. ನಿನ್ನೆ ಸರಿಯೆನಿಸಿದ ಚಿತ್ರದ ತಪ್ಪುಗಳು ಇಂದು ಎದ್ದು ಕಾಣುತ್ತವೆ, ಕೈ ಮಾತ್ರ ಇನ್ನೂ ಅಲ್ಲೇ ಇರುತ್ತದೆ. ತಾವು ಹಿಂದೆ ಬಿದ್ದೆವೆಂದು ಹಲವರು ಬಿಟ್ಟುಬಿಡುವುದು ಇಲ್ಲಿಯೇ. ವಾಸ್ತವದಲ್ಲಿ ಇದು ಮುಂದೆ ಬಂದದ್ದರ ಗುರುತು. ತಾರೀಖು ಹಾಕಿದ ಹಳೆಯ ಹಾಳೆಗಳನ್ನು ಜೋಪಾನ ಮಾಡಲು ಶಿಕ್ಷಕರು ಹೇಳುವುದು ಇದಕ್ಕಾಗಿಯೇ. ಆರು ತಿಂಗಳ ಹಿಂದಿನ ಹಾಳೆಯನ್ನು ಇಂದಿನದರ ಪಕ್ಕ ಇಟ್ಟರೆ ನಡೆದ ದೂರ ಕಾಣುತ್ತದೆ.

ಅಧ್ಯಯನಗಳು ಹೇಳುವುದು

ತರಬೇತಿಯ ಈ ಫಲವನ್ನು ಸಂಶೋಧಕರೂ ಗಮನಿಸಿದ್ದಾರೆ. ಬಾಸ್ಟನ್ ಪ್ರದೇಶದ ಎರಡು ಶಾಲೆಗಳ ಕಲಾತರಗತಿಗಳನ್ನು ನೋಡಿ ಲೋಯಿಸ್ ಹೆಟ್‌ಲ್ಯಾಂಡ್, ಎಲೆನ್ ವಿನ್ನರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಲ್ಲಿ ಬೆಳೆಯುವ ಎಂಟು ಮನೋಗುಣಗಳನ್ನು ಪಟ್ಟಿ ಮಾಡಿತು. ಕೌಶಲದ ಜೊತೆಗೆ ಗಮನವಿಟ್ಟು ನೋಡುವುದು, ಪಟ್ಟುಹಿಡಿದು ಮುಂದುವರಿಯುವುದು, ತನ್ನ ಕೆಲಸವನ್ನು ತಾನೇ ವಿಮರ್ಶಿಸುವುದು ಅದರಲ್ಲಿ ಸೇರಿವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ, ಪದಗಳನ್ನು ಬರೆದುಕೊಂಡದ್ದಕ್ಕಿಂತ ಅವುಗಳ ಚಿತ್ರ ಬಿಡಿಸಿದಾಗ ನೆನಪು ಚೆನ್ನಾಗಿ ಉಳಿಯುತ್ತದೆ ಎಂದು ತೋರಿಸಿದರು. ಚಿತ್ರ ಅಂದವಾಗಿರಬೇಕಾದ ಅಗತ್ಯವೂ ಕಾಣಲಿಲ್ಲ. ಅದೇ ವರ್ಷ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರನ್ನು 45 ನಿಮಿಷ ಕಲಾಕೆಲಸದಲ್ಲಿ ತೊಡಗಿಸಿದಾಗ, ಸುಮಾರು ಶೇ 75ರಷ್ಟು ಜನರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ತಗ್ಗಿತು. ಅದು ಸಣ್ಣ ಗುಂಪು. ಅಲ್ಲಿ ಚಿತ್ರದ ಜೊತೆ ಜೇಡಿಮಣ್ಣು, ಕೊಲಾಜ್ ಕೂಡ ಇದ್ದವು.

ಬಲ ಮೆದುಳಿನಿಂದ ಚಿತ್ರ ಬರೆಯುವುದು ಎಂಬ ಮಾತನ್ನು ಜನಪ್ರಿಯಗೊಳಿಸಿದ್ದು ಬೆಟ್ಟಿ ಎಡ್ವರ್ಡ್ಸ್ ಅವರ 1979ರ ಪುಸ್ತಕ. ಅದರಲ್ಲಿನ ಅಭ್ಯಾಸಗಳು ಇಂದಿಗೂ ಉಪಯುಕ್ತ. ಆದರೆ ಸೃಜನಶೀಲತೆ ಮೆದುಳಿನ ಒಂದೇ ಬದಿಯಲ್ಲಿದೆ ಎಂಬ ಸರಳ ವಿಭಜನೆಯನ್ನು ಇಂದಿನ ನರವಿಜ್ಞಾನ ಒಪ್ಪುವುದಿಲ್ಲ. ಡ್ರಾಯಿಂಗ್ ತರಗತಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆಯೂ ಅಲ್ಲ. ಅಂಕಕ್ಕಾಗಿ ಮಾದರಿ ಚಿತ್ರ ನಕಲು ಮಾಡಿಸುವ ತರಗತಿ, ವಿದ್ಯಾರ್ಥಿಯ ಹಾಳೆಯ ಮೇಲೆ ಶಿಕ್ಷಕರೇ ಬರೆದು ಮುಗಿಸುವ ತರಗತಿ ಈ ಫಲಗಳನ್ನು ಕೊಡುವುದಿಲ್ಲ.

ಸೇರುವವರಿಗೆ, ಮುಂದುವರಿಸುವವರಿಗೆ

ಆರಂಭಕ್ಕೆ ಬೇಕಾದ ಸಾಮಾನು ಕಡಿಮೆ: ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲು, ಮೆತ್ತನೆಯ ರಬ್ಬರು, ಕ್ಲಿಪ್ ಇರುವ ಡ್ರಾಯಿಂಗ್ ಬೋರ್ಡು, ಒಂದಿಷ್ಟು ಶೀಟು, ಚೀಲದಲ್ಲಿ ಹಿಡಿಯುವ ಸ್ಕೆಚ್ ಪುಸ್ತಕ. ತರಗತಿ ಆರಿಸುವಾಗ ನೋಡಿಯೇ ಬರೆಸುತ್ತಾರೆಯೇ, ಹೊರಗೆ ಕರೆದೊಯ್ಯುತ್ತಾರೆಯೇ, ಎಲ್ಲರ ಚಿತ್ರಗಳ ಬಗ್ಗೆ ಮಾತುಕತೆ ನಡೆಸುತ್ತಾರೆಯೇ ಎಂದು ವಿಚಾರಿಸುವುದು ಒಳ್ಳೆಯದು. ಬೇರೆಯವರ ಕೆಲಸ ನೋಡಲು ವೆಂಕಟಪ್ಪ ಆರ್ಟ್ ಗ್ಯಾಲರಿ, ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳು, ಜನವರಿಯ ಚಿತ್ರಸಂತೆ ಇವೆ.

ಕೋರ್ಸು ಮುಗಿದ ಮೇಲೆ ಅಭ್ಯಾಸ ಉಳಿಯುವುದು ದಿನಕ್ಕೊಂದು ಪುಟ ಬರೆಯುವವರಲ್ಲಿ. ಹತ್ತು ನಿಮಿಷ ಸಾಕು. ಕಾಫಿ ಲೋಟ, ಚಪ್ಪಲಿ, ಕಿಟಕಿಯಾಚೆಯ ಮರ ಯಾವುದಾದರೂ ಆದೀತು. 19ನೇ ಶತಮಾನದ ಲಂಡನ್ನಿನಲ್ಲಿ ದುಡಿಯುವ ಜನರಿಗೆ ಡ್ರಾಯಿಂಗ್ ಹೇಳಿಕೊಟ್ಟ ಜಾನ್ ರಸ್ಕಿನ್ ಅವರ ಗುರಿ, ಬಡಗಿ ತನ್ನ ಕೆಲಸದಲ್ಲೇ ಹೆಚ್ಚು ಸಂತೋಷ ಕಾಣುವಂತಾಗಲಿ ಎಂಬುದಾಗಿತ್ತು. ಜಯನಗರದಲ್ಲೋ ಬಿಟಿಎಂನಲ್ಲೋ ತರಗತಿ ಮುಗಿಸಿದ ವಕೀಲ, ದಾದಿ, ಗೃಹಿಣಿ, ಎಂಜಿನಿಯರ್ ತಮ್ಮ ತಮ್ಮ ಕೆಲಸಕ್ಕೆ ಮರಳುವಾಗ ಹಿಡಿದುಕೊಂಡು ಹೋಗುವುದೂ ಅದನ್ನೇ: ತೀರ್ಮಾನಕ್ಕೆ ಮೊದಲು ಇನ್ನೊಮ್ಮೆ ನೋಡುವ, ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯುವ ಅಭ್ಯಾಸ.